ಡಾಕ್ ಕಾರ್ಡ್: ಥರ್ಮೋಕಪಲ್ ರೀಡಿಂಗ್ ತಾನಾಗಿ ಏರುತ್ತದೆ, ಪಕ್ಕದ ಚಾನೆಲ್‌ನ ನೆರಳು ಬೀಳುತ್ತದೆ, ಕೊನೆಗೆ ಎರರ್ -200279

ಪ್ರಶ್ನೆ

16 ಬಿಟ್ ಯುಎಸ್‌ಬಿ ಡಾಕ್ ಕಾರ್ಡ್ (ಸೆನ್ಸರ್‌ಗಳ ವೋಲ್ಟೇಜ್ ಅಳೆದು ಕಂಪ್ಯೂಟರ್‌ಗೆ ಕೊಡುವ ಸಾಧನ), ಎಲ್ಲ ಚಾನೆಲ್‌ಗೂ ಸೇರಿ ಸೆಕೆಂಡಿಗೆ 2,50,000 ಸ್ಯಾಂಪಲ್. ಪ್ರೋಗ್ರಾಂ ಲ್ಯಾಬ್‌ವ್ಯೂನಲ್ಲಿ, ಕಾರ್ಡ್ ನಡೆಸುವುದು ಡಾಕ್‌ಎಂಎಕ್ಸ್ ಡ್ರೈವರ್. ಮೂರು ಚಾನೆಲ್, ಮೂರೂ ಡಿಫರೆನ್ಷಿಯಲ್ (ಪ್ಲಸ್, ಮೈನಸ್ ಟರ್ಮಿನಲ್‌ಗಳ ನಡುವಿನ ವ್ಯತ್ಯಾಸ ಅಳೆಯುವುದು), ಮೂರಕ್ಕೂ ±10 ವೋಲ್ಟ್ ರೇಂಜ್, ಪ್ರತಿ ಚಾನೆಲ್‌ಗೆ ಸೆಕೆಂಡಿಗೆ 1,000 ಸ್ಯಾಂಪಲ್.

ಚಾನೆಲ್ 0: ಒತ್ತಡದ ಟ್ರಾನ್ಸ್‌ಮಿಟರ್, 0–5 ವೋಲ್ಟ್. ಅದರ ಸಪ್ಲೈನ ಮೈನಸ್ ಕಾರ್ಡಿನ ಗ್ರೌಂಡ್‌ಗೆ ಸೇರಿದೆ.
ಚಾನೆಲ್ 1: 12 ವೋಲ್ಟ್ ಬ್ಯಾಟರಿ, 1 ಮೆಗಾಓಮ್‌ನ ಎರಡು ರೆಸಿಸ್ಟರ್‌ಗಳ ಡಿವೈಡರ್ ಮೂಲಕ. ಮೈನಸ್ ಗ್ರೌಂಡ್‌ಗೆ.
ಚಾನೆಲ್ 2: ಕೆ ಟೈಪ್ ಥರ್ಮೋಕಪಲ್ (ಎರಡು ಬೇರೆ ಲೋಹದ ತಂತಿಗಳ ಉಷ್ಣತೆ ಸೆನ್ಸರ್). ಎರಡು ತಂತಿ ಪ್ಲಸ್ ಮತ್ತು ಮೈನಸ್‌ಗೆ ಮಾತ್ರ, ಬೇರೆಲ್ಲಿಗೂ ಇಲ್ಲ.

ಥರ್ಮೋಕಪಲ್ ಮೊದಲೆರಡು ನಿಮಿಷ ಸರಿಯಿದ್ದು ಆಮೇಲೆ ನಿಧಾನವಾಗಿ ಏರಿ ತುದಿಗೆ ಹೋಗಿ ನಿಲ್ಲುತ್ತದೆ. ಒತ್ತಡ ಏರಿದರೆ ಬ್ಯಾಟರಿ ವೋಲ್ಟೇಜೂ ಏರಿದಂತೆ ಕಾಣುತ್ತದೆ. ಮಲ್ಟಿಮೀಟರ್‌ನಲ್ಲಿ ನೋಡಿದರೆ ಬ್ಯಾಟರಿ 12.4ರಿಂದ ಕದಲುವುದೇ ಇಲ್ಲ. ಮುಕ್ಕಾಲು ಗಂಟೆಯ ಹೊತ್ತಿಗೆ -200279 ಬಂದು ಪ್ರೋಗ್ರಾಂ ನಿಲ್ಲುತ್ತದೆ. ಕಾರ್ಡ್ ಹೋಗಿದೆಯೇ?

ಉತ್ತರ 1

ಕಾರ್ಡ್ ಹೋಗಿಲ್ಲ. ಇಲ್ಲಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಮೂರು ತೊಂದರೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಡಿ. ಒಂದನ್ನು ಸರಿಮಾಡಿ, ನೋಡಿ, ಮುಂದಿನದಕ್ಕೆ ಹೋಗಿ.

ಮೊದಲು ಥರ್ಮೋಕಪಲ್. ಡಿಫರೆನ್ಷಿಯಲ್ ಇನ್‌ಪುಟ್‌ಗೆ ಎರಡು ತಂತಿ ಕೊಟ್ಟರೆ ಸಾಕು ಅನ್ನುವುದೇ ಎಲ್ಲರೂ ಎಡವುವ ಜಾಗ. ಆಂಪ್ಲಿಫಯರ್‌ನ ಎರಡೂ ಇನ್‌ಪುಟ್‌ಗಳಲ್ಲಿ ಪಿಕೋಆಂಪಿಯರ್ ಲೆಕ್ಕದ ಬಯಾಸ್ ಕರೆಂಟ್ ಹರಿಯುತ್ತಲೇ ಇರುತ್ತದೆ. ಅದಕ್ಕೆ ಗ್ರೌಂಡ್‌ಗೆ ಹಿಂತಿರುಗುವ ದಾರಿ ಬೇಕು. ನಿಮ್ಮ ಥರ್ಮೋಕಪಲ್ ಗ್ರೌಂಡ್ ಇಲ್ಲದೆ ತೇಲುತ್ತಿದೆ, ಆದ್ದರಿಂದ ಚಾರ್ಜ್ ಅಲ್ಲೇ ಕೂಡುತ್ತಾ ಹೋಗಿ ಎರಡೂ ತಂತಿ ಒಟ್ಟಿಗೆ ಆಂಪ್ಲಿಫಯರ್‌ನ ಮಿತಿ ದಾಟುತ್ತವೆ. ಎರಡು ನಿಮಿಷ ಸರಿಯಿದ್ದು ಆಮೇಲೆ ಕೆಡುವುದು ಇದರದೇ ಗುರುತು.

ಥರ್ಮೋಕಪಲ್‌ನ ರೆಸಿಸ್ಟೆನ್ಸ್ 100 ಓಮ್‌ಗಿಂತ ಕಡಿಮೆಯಿದ್ದರೆ ಮೈನಸ್ ಟರ್ಮಿನಲ್‌ನಿಂದ ಅನಲಾಗ್ ಗ್ರೌಂಡ್‌ಗೆ ನೇರ ಒಂದು ತುಂಡು ತಂತಿ ಹಾಕಿ. ತಂತಿ ಉದ್ದವಾಗಿ ಓಡಿ ಗದ್ದಲ ಹೆಚ್ಚಿದ್ದರೆ ಪ್ಲಸ್‌ನಿಂದ ಒಂದು, ಮೈನಸ್‌ನಿಂದ ಒಂದು, ತಲಾ 100 ಕಿಲೋಓಮ್ ರೆಸಿಸ್ಟರ್ ಗ್ರೌಂಡ್‌ಗೆ ಹಾಕಿ.

ಅದಕ್ಕೂ ಮೊದಲು ಮಲ್ಟಿಮೀಟರ್ ಹಿಡಿದು ಥರ್ಮೋಕಪಲ್‌ನ ಉಕ್ಕಿನ ಹೊರಕವಚಕ್ಕೂ ಒಂದು ತಂತಿಗೂ ನಡುವಿನ ರೆಸಿಸ್ಟೆನ್ಸ್ ನೋಡಿ. ಮೆಗಾಓಮ್ ಬಂದರೆ ತುದಿ ಇನ್ಸುಲೇಟ್ ಆಗಿದೆ, ಮೇಲಿನ ಮಾತು ಹಾಗೇ ಸರಿ. ಕೆಲವೇ ಓಮ್ ಬಂದರೆ ತುದಿ ಕವಚಕ್ಕೆ ಬೆಸೆದಿದೆ. ಕವಚ ತಾಗಿರುವ ಯಂತ್ರ ಅರ್ತ್ ಆಗಿದ್ದರೆ, ನೀವು ಇನ್ನೊಂದು ಕಡೆ ನೇರ ತಂತಿ ಹಾಕಿದ ಕೂಡಲೇ ಗ್ರೌಂಡ್ ಲೂಪ್, ಅಂದರೆ ಎರಡು ಗ್ರೌಂಡ್‌ಗಳ ನಡುವೆ ಬೇಡದ ಕರೆಂಟ್ ಸುತ್ತುತ್ತದೆ. ಆಗ ರೆಸಿಸ್ಟರ್ ದಾರಿಯೇ ಕ್ಷೇಮ.

ರೇಂಜ್ ಬಗ್ಗೆಯೂ ಹೇಳಲೇಬೇಕು. ±10 ವೋಲ್ಟ್‌ನಲ್ಲಿ 16 ಬಿಟ್ ಅಂದರೆ ಒಂದು ಮೆಟ್ಟಿಲು ಸುಮಾರು 305 ಮೈಕ್ರೋವೋಲ್ಟ್. ಕೆ ಟೈಪ್ ಕೊಡುವುದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್, 100 ಡಿಗ್ರಿಯಲ್ಲೂ ಬರೀ 4.096 ಮಿಲಿವೋಲ್ಟ್. ಅಂದರೆ ನಿಮಗೆ ಕಾಣುವ ಅತಿ ಸಣ್ಣ ಬದಲಾವಣೆ ಏಳು ಡಿಗ್ರಿಗೂ ಮೇಲು! ಈ ಚಾನೆಲ್‌ಗೆ ಮಾತ್ರ ±0.2 ವೋಲ್ಟ್ ಕೊಡಿ, ಮೆಟ್ಟಿಲು 6 ಮೈಕ್ರೋವೋಲ್ಟ್‌ಗೆ ಇಳಿಯುತ್ತದೆ. ಒಂದೇ ಟಾಸ್ಕ್‌ನಲ್ಲಿ ಚಾನೆಲ್‌ಗೊಂದು ರೇಂಜ್ ಇಡಬಹುದು, ಕ್ರಿಯೇಟ್ ಚಾನೆಲ್ ವಿಐಯನ್ನು (ವಿಐ ಅಂದರೆ ಲ್ಯಾಬ್‌ವ್ಯೂ ಪ್ರೋಗ್ರಾಂ) ಮೂರು ಸಲ ಸಾಲಾಗಿ ಜೋಡಿಸಿದರಾಯಿತು.

ಉತ್ತರ 2

ಬ್ಯಾಟರಿ ಚಾನೆಲ್‌ನದು ಘೋಸ್ಟಿಂಗ್, ಅಂದರೆ ಹಿಂದಿನ ಚಾನೆಲ್‌ನ ನೆರಳು. ಈ ಕಾರ್ಡ್‌ಗಳಲ್ಲಿ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಒಂದೇ. ಮಲ್ಟಿಪ್ಲೆಕ್ಸರ್ ಅದನ್ನು ಚಾನೆಲ್‌ನಿಂದ ಚಾನೆಲ್‌ಗೆ ತಿರುಗಿಸುತ್ತದೆ. ಚಾನೆಲ್ 0ರ ವೋಲ್ಟೇಜ್ ಒಳಗಿನ ಕೆಪಾಸಿಟೆನ್ಸ್‌ನಲ್ಲಿ ಉಳಿದಿರುತ್ತದೆ, ಚಾನೆಲ್ 1 ಅದನ್ನು ತನ್ನ ಮಟ್ಟಕ್ಕೆ ಎಳೆಯಬೇಕು. 1 ಮೆಗಾಓಮ್‌ನ ಎರಡು ರೆಸಿಸ್ಟರ್ ಅಂದರೆ ಮೂಲದ ಇಂಪೀಡೆನ್ಸ್ 500 ಕಿಲೋಓಮ್. ಇನ್‌ಪುಟ್ 100 ಪಿಕೋಫ್ಯಾರಡ್ ಎಂದು ಹಿಡಿದರೆ ಟೈಮ್ ಕಾನ್‌ಸ್ಟಂಟ್ 50 ಮೈಕ್ರೋಸೆಕೆಂಡ್. 16 ಬಿಟ್ ನಿಖರತೆಗೆ ನಿಲ್ಲಲು ಅದರ ಹನ್ನೊಂದು ಪಟ್ಟು, ಸುಮಾರು 555 ಮೈಕ್ರೋಸೆಕೆಂಡ್ ಬೇಕು. ಡಾಕ್‌ಎಂಎಕ್ಸ್ ತಾನಾಗಿ ಕೊಡುವುದು ಕಾರ್ಡಿನ ಅತಿ ಕಡಿಮೆ ಅಂತರ 4, ಜೊತೆಗೆ 10, ಒಟ್ಟು 14 ಮೈಕ್ರೋಸೆಕೆಂಡ್. ಎಲ್ಲಿಯ 555, ಎಲ್ಲಿಯ 14!

ಸ್ಯಾಂಪಲ್ ದರ 1,000ಕ್ಕೆ ಇಟ್ಟಿದ್ದೇನಲ್ಲ, ಚಾನೆಲ್‌ಗಳ ನಡುವೆ ಬೇಕಾದಷ್ಟು ಹೊತ್ತಿದೆ ಅನ್ನಿಸುತ್ತದೆ. ಇಲ್ಲ. ಮೂರೂ ಚಾನೆಲ್‌ಗಳನ್ನು ಮೊದಲೇ ಬಡಬಡ ಓದಿ ಮುಗಿಸಿ, ಮಿಲಿಸೆಕೆಂಡಿನ ಉಳಿದ ಹೊತ್ತೆಲ್ಲ ಕಾರ್ಡ್ ಸುಮ್ಮನಿರುತ್ತದೆ. ಟೈಮಿಂಗ್ ಪ್ರಾಪರ್ಟಿ ನೋಡ್‌ನಲ್ಲಿ ಎಐ (ಅನಲಾಗ್ ಇನ್‌ಪುಟ್) ಕನ್ವರ್ಟ್ ರೇಟ್ ಅನ್ನು, ಅಂದರೆ ಚಾನೆಲ್‌ನಿಂದ ಚಾನೆಲ್‌ಗೆ ಹೋಗುವ ವೇಗವನ್ನು, 5,000ಕ್ಕೆ ಇಡಿ, ಚಾನೆಲ್‌ಗೆ 200 ಮೈಕ್ರೋಸೆಕೆಂಡ್ ಸಿಗುತ್ತದೆ. ಡಿವೈಡರ್‌ಗೆ 10 ಕಿಲೋಓಮ್‌ನ ಎರಡು ರೆಸಿಸ್ಟರ್ ಹಾಕಿ. ಇಂಪೀಡೆನ್ಸ್ 5 ಕಿಲೋಓಮ್‌ಗೆ ಇಳಿದು, ನಿಲ್ಲಲು 6 ಮೈಕ್ರೋಸೆಕೆಂಡ್ ಸಾಕಾಗುತ್ತದೆ. ಬ್ಯಾಟರಿಯಿಂದ 0.62 ಮಿಲಿಆಂಪಿಯರ್ ಸದಾ ಹರಿಯುವುದು ಒಪ್ಪಿಗೆಯಾಗದಿದ್ದರೆ 1 ಮೆಗಾಓಮ್ ಹಾಗೇ ಇರಲಿ, ನಂತರ ಎಫ್‌ಇಟಿ ಇನ್‌ಪುಟ್‌ನ (ಬಹುತೇಕ ಕರೆಂಟ್ ಎಳೆಯದ) ಆಪ್‌ಆಂಪ್ ಅನ್ನು ಬಫರ್ ಆಗಿ ಇಡಿ.

ಉತ್ತರ 3

ಕೆಳಗಿನ ರೆಸಿಸ್ಟರ್‌ಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೂ ನೆರಳು ಹೋಗುತ್ತದಲ್ಲ? ಅದು ಸುಲಭ.

ಉತ್ತರ 2ರವರ ಮರುಮಾತು

ನೆರಳು ಹೋಗುವುದಿಲ್ಲ, ಕದಲದಂತೆ ಕಾಣುತ್ತದೆ, ಅದು ಇನ್ನೂ ಅಪಾಯ. ಪ್ರತಿ ಸ್ಕ್ಯಾನ್‌ನಲ್ಲೂ 100 ಪಿಕೋಫ್ಯಾರಡ್‌ನಷ್ಟು ಚಾರ್ಜ್ ಕೆಪಾಸಿಟರ್‌ನಿಂದ ಹೋಗುತ್ತದೆ, ಅದನ್ನು 500 ಕಿಲೋಓಮ್ ಮೂಲಕವೇ ತುಂಬಬೇಕು. ಸೆಕೆಂಡಿಗೆ 1,000 ಸ್ಕ್ಯಾನ್‌ಗೆ ಗುಣಿಸಿ ನೋಡಿ: ಎರಡು ಚಾನೆಲ್‌ಗಳ ವ್ಯತ್ಯಾಸದ ಶೇಕಡ 5ರಷ್ಟು ತಪ್ಪು. 5 ವೋಲ್ಟ್ ವ್ಯತ್ಯಾಸಕ್ಕೆ 0.25 ವೋಲ್ಟ್, ಡಿವೈಡರ್‌ಗೆ ಎರಡರಿಂದ ಗುಣಿಸಿದರೆ ಬ್ಯಾಟರಿಯಲ್ಲಿ ಅರ್ಧ ವೋಲ್ಟ್. ಕೆಪಾಸಿಟರ್ ಉಪಾಯ ಸೆಕೆಂಡಿಗೆ ಹತ್ತಿಪ್ಪತ್ತು ಸ್ಕ್ಯಾನ್ ಇದ್ದಾಗ ನಡೆಯುತ್ತದೆ, ಇಲ್ಲಿ ಬೇಡ.

ಉತ್ತರ 4

-200279 ಅಂದರೆ ನೀವು ಓದುವ ಮೊದಲೇ ಹಳೆಯ ಸ್ಯಾಂಪಲ್‌ಗಳ ಮೇಲೆ ಹೊಸವು ಬಂದು ಕೂತವು ಎಂದು. ನಿಮ್ಮ ದರಕ್ಕೆ ಡಾಕ್‌ಎಂಎಕ್ಸ್ ತಾನಾಗಿ ಇಡುವ ಬಫರ್ (ಸ್ಯಾಂಪಲ್‌ಗಳು ಓದುವ ತನಕ ಕೂರುವ ಮೆಮೊರಿ) ಚಾನೆಲ್‌ಗೆ 10,000 ಸ್ಯಾಂಪಲ್, ಹತ್ತು ಸೆಕೆಂಡಿನದು. ಪ್ರೋಗ್ರಾಂ ಮುಕ್ಕಾಲು ಗಂಟೆಯಲ್ಲಿ ಹತ್ತು ಸೆಕೆಂಡ್ ಹಿಂದೆ ಬಿದ್ದಿದೆ. ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ಓದುತ್ತೀರಿ? ಫೈಲ್ ಎಲ್ಲಿ ಬರೆಯುತ್ತೀರಿ?

ಪ್ರಶ್ನೆ ಕೇಳಿದವರು

ಸಲಕ್ಕೆ 10. ಅದೇ ಲೂಪ್‌ನೊಳಗೆ ರೈಟ್ ಡಿಲಿಮಿಟೆಡ್ ಸ್ಪ್ರೆಡ್‌ಶೀಟ್. 10 ಮಿಲಿಸೆಕೆಂಡ್ ವೇಟ್ ಕೂಡ ಇದೆ.

ಉತ್ತರ 4ರವರು

ಹಾಗಾದರೆ ಸೆಕೆಂಡಿಗೆ ನೂರು ಸಲ ಫೈಲ್ ತೆರೆದು, ಬರೆದು, ಮುಚ್ಚುತ್ತಿದ್ದೀರಿ. ಸಲಕ್ಕೆ 100 ಸ್ಯಾಂಪಲ್ ಓದಿ. 100 ಮಿಲಿಸೆಕೆಂಡ್ ಅಂದರೆ 50 ಹರ್ಟ್ಸ್‌ನ ಐದು ಆವರ್ತ, 60 ಹರ್ಟ್ಸ್‌ನ ಆರು. ಅದರ ಸರಾಸರಿ ತೆಗೆದರೆ ಥರ್ಮೋಕಪಲ್‌ನ ಮೇಲಿನ ಮೈನ್ಸ್ ಗದ್ದಲವೂ ಹೋಗುತ್ತದೆ. ವೇಟ್ ತೆಗೆಯಿರಿ, ಸ್ಯಾಂಪಲ್ ಬರುವ ತನಕ ರೀಡ್ ತಾನೇ ಕಾಯುತ್ತದೆ. ಬರೆಯುವುದನ್ನು ಡಾಕ್‌ಎಂಎಕ್ಸ್‌ನ ಕಾನ್‌ಫಿಗರ್ ಲಾಗಿಂಗ್‌ಗೆ ಬಿಟ್ಟು ಟಿಡಿಎಂಎಸ್ ಫೈಲ್ (ಲ್ಯಾಬ್‌ವ್ಯೂನ ಬೈನರಿ ಡೇಟಾ ಫೈಲ್) ಮಾಡಿ. ಟೆಕ್ಸ್ಟ್ ಫೈಲೇ ಬೇಕಿದ್ದರೆ ಕ್ಯೂ ಮೂಲಕ ಬೇರೆ ಲೂಪ್‌ಗೆ ಕಳಿಸಿ.

ಬಫರ್ ದೊಡ್ಡದು ಮಾಡಬೇಡಿ, ಮುಕ್ಕಾಲು ಗಂಟೆ ಮೂರು ಗಂಟೆ ಆಗುತ್ತದೆ ಅಷ್ಟೇ. ಅವೈಲಬಲ್ ಸ್ಯಾಂಪಲ್ಸ್ ಪರ್ ಚಾನೆಲ್ ಪ್ರಾಪರ್ಟಿಯನ್ನು ಚಾರ್ಟ್‌ಗೆ ಹಾಕಿ. ಗೆರೆ ಸಮನಾಗಿದ್ದರೆ ಗೆದ್ದಿರಿ, ಏರುತ್ತಿದ್ದರೆ ಲೂಪ್ ಇನ್ನೂ ನಿಧಾನ. ಇದಕ್ಕೆ ಕಾರ್ಡೂ ಬೇಡ: ಮ್ಯಾಕ್ಸ್‌ನಲ್ಲಿ (ಕಾರ್ಡ್‌ಗಳ ಸೆಟ್ಟಿಂಗ್ ನೋಡುವ ತಂತ್ರಾಂಶ) ಸಿಮ್ಯುಲೇಟೆಡ್ ಡಿವೈಸ್ ಮಾಡಿ ಅದೇ ವಿಐ ಓಡಿಸಿ. ಅಲ್ಲೂ -200279 ಬಂದರೆ ವೈರಿಂಗ್ ಮುಟ್ಟುವ ಅಗತ್ಯವಿಲ್ಲ.

ಕೈಪಿಡಿ ಹುಡುಕುವಾಗ ಒಂದು ಮಾತು: ತಯಾರಕರು 2020ರಲ್ಲಿ ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್ ಹೆಸರನ್ನು ಎನ್‌ಐ ಎಂದು ಬದಲಿಸಿದರು, 2023ರಲ್ಲಿ ಕಂಪನಿ ಎಮರ್ಸನ್ ಪಾಲಾಯಿತು. ಹಳೆಯ ಕಾರ್ಡ್‌ಗಳ ದಾಖಲೆಗಳನ್ನು ಹಳೆಯ ಹೆಸರಿನಲ್ಲೂ ಹುಡುಕಿ.

ಪ್ರಶ್ನೆ ಕೇಳಿದವರು

ಮೂರೂ ಸರಿಯಾದವು, ಗೆರೆ ಸಮನಾಗಿದೆ. ಆದರೆ ಥರ್ಮೋಕಪಲ್ ಅನ್ನು ಕರಗುವ ಮಂಜುಗಡ್ಡೆಯಲ್ಲಿಟ್ಟರೆ -4 ಡಿಗ್ರಿ. ಸಿಜೆಸಿಯಲ್ಲಿ (ಕೋಲ್ಡ್ ಜಂಕ್ಷನ್, ಅಂದರೆ ಥರ್ಮೋಕಪಲ್ ತಂತಿ ಕಾರ್ಡಿಗೆ ಸೇರುವ ಜಾಗದ ಉಷ್ಣತೆಯ ತಿದ್ದುಪಡಿ) ಕಾನ್‌ಸ್ಟಂಟ್ 25 ಕೊಟ್ಟಿದ್ದೇನೆ.

ಉತ್ತರ 1ರವರು

ಟರ್ಮಿನಲ್ ಈಗ 29 ಡಿಗ್ರಿಯಲ್ಲಿದೆ. ಕೋಲ್ಡ್ ಜಂಕ್ಷನ್ ಎಷ್ಟು ಡಿಗ್ರಿ ತಪ್ಪಿದರೆ ರೀಡಿಂಗ್ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ. ಎಲ್ಎಂ35 (ಉಷ್ಣತೆ ಅಳೆಯುವ ಚಿಪ್) ಒಂದನ್ನು ಸ್ಕ್ರೂ ಟರ್ಮಿನಲ್‌ಗೆ ಒತ್ತಿ ಅಂಟಿಸಿ ಖಾಲಿ ಚಾನೆಲ್‌ಗೆ ಕೊಡಿ, ಡಿಗ್ರಿಗೆ 10 ಮಿಲಿವೋಲ್ಟ್. ರೇಂಜ್ ±1 ವೋಲ್ಟ್. ಆ ಚಾನೆಲ್ ಅನ್ನು ಸಿಜೆಸಿ ಮೂಲವಾಗಿ ಕೊಡಿ. ಲ್ಯಾಪ್‌ಟಾಪ್‌ನ ಬಿಸಿಗಾಳಿ ಟರ್ಮಿನಲ್ ಮೇಲೆ ಬೀಸದಂತೆ ಕಾರ್ಡ್ ಸರಿಸಿ. ಥರ್ಮೋಕಪಲ್ ತಂತಿಯನ್ನು ನಡುವೆ ತಾಮ್ರದ ತಂತಿಯಿಂದ ಉದ್ದ ಮಾಡಿದ್ದರೆ ಎಲ್ಎಂ35 ಇರಬೇಕಾದ್ದು ಕಾರ್ಡಿನ ಬಳಿಯಲ್ಲ, ತಾಮ್ರ ಶುರುವಾಗುವ ಕೀಲಿನ ಬಳಿ.