‘ಭಕ್ಷಕಕೋಶ’ದ ಬದಲು ‘ನುಂಗುಕಣ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕೊಡಗಿನ ಸೋಮವಾರಪೇಟೆ ಕಡೆಯ ಕಾಫಿ ತೋಟಗಳ ಲೈನ್ ಮನೆಗಳಲ್ಲಿ (ಕೆಲಸಗಾರರ ಸಾಲುಮನೆಗಳಲ್ಲಿ) ಹಂಚಲು ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಗಾಯ, ಕೀವು, ಜ್ವರದ ಬಗ್ಗೆ. ಮುಳ್ಳು ಚುಚ್ಚುವುದು, ಕತ್ತಿ ತಾಗುವುದು, ಜಿಗಣೆ ಕಚ್ಚಿದ ಜಾಗ ಕೆರೆದು ಹುಣ್ಣಾಗುವುದು ತೋಟದಲ್ಲಿ ಇದ್ದದ್ದೇ. ಆಗ ಬಿಳಿ ರಕ್ತಕಣ ಏನು ಮಾಡುತ್ತದೆ ಅಂತ ಹೇಳಲು ಸರಿಯಾದ ಪದ ಬೇಕಾಗಿದೆ.

ವಿಷಯ ಇಷ್ಟು. ಮುಳ್ಳಿನ ಜೊತೆ ಬ್ಯಾಕ್ಟೀರಿಯಾ ಒಳಗೆ ಹೋದವು ಅನ್ನಿ. ಅಲ್ಲಿನ ರಕ್ತನಾಳ ಹಿಗ್ಗುತ್ತದೆ, ಅದರಿಂದ ದ್ರವವೂ ಒಸರುತ್ತದೆ. ಜಾಗ ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವುದು ಅದಕ್ಕೇ. ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ನಾಳದ ಗೋಡೆಗೆ ಅಂಟಿಕೊಂಡು, ಸಂದಿಯಲ್ಲಿ ನುಸುಳಿ ಹೊರಬರುತ್ತವೆ. ಜಾಡು ಹಿಡಿದು ತೆವಳುತ್ತವೆ. ರೋಗಾಣು ಸಿಕ್ಕಿದರೆ ಮೈ ಚಾಚಿ ಸುತ್ತುವರಿದು ನುಂಗಿ, ಒಳಗೇ ಕೊಂದು ಅರಗಿಸುತ್ತವೆ. ಆಮೇಲೆ ತಾವೂ ಸಾಯುತ್ತವೆ. ಕೀವಿನಲ್ಲಿ ಬಹುಪಾಲು ಹೀಗೆ ಸತ್ತ ಕಣಗಳೇ. ಕೀವು ಅಂದ್ರೆ ‘ಕೆಟ್ಟ ರಕ್ತ’ ಅನ್ನುವವರಿಗೆ ಇದನ್ನು ಹೇಳಲೇಬೇಕು ಅಂತ ನನಗೆ ತುಂಬಾ ಆಸೆ.

ಈ ನುಂಗುವ ಕೆಲಸ ದೇಹದ ರಕ್ಷಣೆಗೆ ಎಂದು ವಿವರಿಸಿದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಕೂಡ ಮುಳ್ಳಿನಿಂದಲೇ ಶುರು ಮಾಡಿದ್ದು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ, ಗಾಜಿನಂಥ ಮೈಯ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿಟ್ಟರು. ಮರುದಿನ ನೋಡಿದರೆ ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ಪಾಲ್ ಎರ್ಲಿಕ್ ಜೊತೆ ನೊಬೆಲ್ ಬಂತು.

ಇಂಥ ಕಣಕ್ಕೆ ‘ಭಕ್ಷಕಕೋಶ’ ಅಂತ ಬರೆಯುವುದುಂಟು. ಲೈನ್ ಮನೆಯಲ್ಲಿ ಅದನ್ನು ಯಾರು ಓದಿ ಅರ್ಥ ಮಾಡಿಕೊಳ್ಳುತ್ತಾರೆ? ‘ಸೈನಿಕ’ ಅನ್ನಿ ಅಂತ ಕೆಲವರು ಹೇಳಿದರು. ಕೊಡಗಿನಲ್ಲಿ ಸೈನ್ಯಕ್ಕೆ ಸೇರಿದವರು ಜಾಸ್ತಿ, ಆ ಮಾತು ಬೇಗ ನಾಟುತ್ತದೆ ನಿಜ. ಆದರೆ ನುಂಗುವ ಕೆಲಸ ಅದರಲ್ಲಿ ಕಾಣುವುದಿಲ್ಲ, ಅಲ್ವಾ? ‘ನುಂಗುಕಣ’ ನನಗೆ ಒಪ್ಪಿಗೆ.

ಒಂದು ಎಚ್ಚರ ಬೇಕು. ಎಲ್ಲ ಬಿಳಿ ಕಣಗಳೂ ನುಂಗುವುದಿಲ್ಲ. ಲಿಂಫೋಸೈಟ್‌ಗಳ ದಾರಿಯೇ ಬೇರೆ. ಅವುಗಳಲ್ಲಿ ಕೆಲವು ಪ್ರತಿಕಾಯ (ರೋಗಾಣುವಿಗೆ ಅಂಟಿಕೊಳ್ಳುವ ಪ್ರೋಟೀನು) ತಯಾರಿಸುತ್ತವೆ, ಕೆಲವು ರೋಗಾಣು ಹೊಕ್ಕ ಕೋಶವನ್ನೇ ಕೊಲ್ಲುತ್ತವೆ, ಕೆಲವು ಹಳೇ ರೋಗಾಣುವಿನ ನೆನಪು ಇಟ್ಟುಕೊಳ್ಳುತ್ತವೆ. ಲಸಿಕೆ ಕೆಲಸ ಮಾಡುವುದು ಈ ನೆನಪಿನಿಂದ. ಹಾಗಾಗಿ ‘ನುಂಗುಕಣ’ ನ್ಯೂಟ್ರೋಫಿಲ್, ಮ್ಯಾಕ್ರೋಫೇಜ್‌ನಂಥ (ಇದೂ ನುಂಗುವ, ಇನ್ನೂ ದೊಡ್ಡ ಕಣ) ಕಣಗಳಿಗೆ ಮಾತ್ರ. ಒಟ್ಟಿಗೆ ಹೇಳುವಾಗ ‘ಬಿಳಿ ರಕ್ತಕಣ’ ಸಾಕು. ರಿಪೋರ್ಟ್ ನೋಡಿ ‘ಕೌಂಟ್ ಜಾಸ್ತಿ’ ಅನ್ನುವುದೂ ಹೆಚ್ಚಾಗಿ ಇದನ್ನೇ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಇರುತ್ತವೆ.

ಇನ್ನೊಂದು ಪದವೂ ಬೇಕು. ಕಾಲಿಗೆ ಗಾಯವಾದರೆ ತೊಡೆಸಂದಿಯಲ್ಲಿ ಗಂಟು ಕಟ್ಟಿ ನೋಯುತ್ತದಲ್ಲ, ಅಲ್ಲಿ ಲಿಂಫೋಸೈಟ್‌ಗಳು ಹೆಚ್ಚುತ್ತಿರುತ್ತವೆ. ಪುಸ್ತಕದ ‘ದುಗ್ಧಗ್ರಂಥಿ’ ಇಲ್ಲಿ ನಡೆಯುವುದಿಲ್ಲ. ಆ ಗಂಟಿಗೆ ನಿಮ್ಮೂರಲ್ಲಿ ಏನಂತೀರಿ? ಅರೆಭಾಷೆಯಲ್ಲಿ, ಕುಶಾಲನಗರ, ಶನಿವಾರಸಂತೆ ಕಡೆಯ ಮಾತಿನಲ್ಲಿ ಏನಿದೆ? ದಯವಿಟ್ಟು ತಿಳಿಸಿ.