ಹಳೆಯ ಡಿಸ್ಕವರಿ 4: ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಕೆಳಗೆ ಕುಸಿದಿರುತ್ತದೆ, ಕೊಳ್ಳಬಹುದೇ?

ಪ್ರಶ್ನೆ (ಸಕಲೇಶಪುರದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದ ಮನೆಗೆ ಹೋಗುವ ಕೊನೆಯ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಾರುವ ಕೆಸರಿನಲ್ಲೇ ಏರು ಹತ್ತಬೇಕು. ಅದೇ ಗಾಡಿಯಲ್ಲಿ ವಯಸ್ಸಾದ ತಂದೆ ತಾಯಿಯನ್ನು ಬೆಂಗಳೂರಿಗೆ ಆರಾಮವಾಗಿ ಕರೆದುಕೊಂಡು ಹೋಗುವಂತೆಯೂ ಇರಬೇಕು. ಹೀಗೆ ಹುಡುಕುತ್ತಿದ್ದಾಗ ಬೆಂಗಳೂರಿನ ಹಳೆ ಕಾರು ವ್ಯಾಪಾರಿಯೊಬ್ಬರಲ್ಲಿ 2014ರ ಲ್ಯಾಂಡ್ ರೋವರ್ ಡಿಸ್ಕವರಿ 4 ಕಣ್ಣಿಗೆ ಬಿತ್ತು. 3.0 ಲೀಟರ್ ಡೀಸೆಲ್, ಏಳು ಆಸನ, ದೆಹಲಿ ನೋಂದಣಿ, ಮೀಟರಿನಲ್ಲಿ 96,000 ಕಿ.ಮೀ. ಕೇಳುತ್ತಿರುವ ಬೆಲೆ ಹೊಸ ಮಧ್ಯಮ ದರ್ಜೆಯ ಎಸ್‌ಯುವಿಗಿಂತಲೂ ಕಡಿಮೆ.

ಸಮಸ್ಯೆ ಏನೆಂದರೆ, ಬೆಳಿಗ್ಗೆ ಮುನ್ಸೂಚನೆ ಕೊಡದೆ ಹೋಗಿ ನೋಡಿದಾಗ ಗಾಡಿ ನಾಲ್ಕೂ ಮೂಲೆಯಲ್ಲಿ ಒಂದೇ ಸಮನಾಗಿ ಕುಸಿದು, ಟೈರುಗಳು ಮಡ್‌ಗಾರ್ಡಿನೊಳಗೆ ಸೇರಿಕೊಂಡಂತೆ ಕಾಣುತ್ತಿತ್ತು. ಈ ಗಾಡಿ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಏರ್ ಸ್ಪ್ರಿಂಗುಗಳ ಮೇಲೆ ನಿಲ್ಲುವಂಥದ್ದು. ಎಂಜಿನ್ ಚಾಲೂ ಮಾಡಿದ ಮೇಲೆ ಬಹಳ ಹೊತ್ತು ಅವುಗಳಿಗೆ ಗಾಳಿ ತುಂಬುವ ಕಂಪ್ರೆಸರಿನ ಸದ್ದು ಕೇಳಿಸಿತು. ಸಸ್ಪೆನ್ಷನ್ ದೋಷವಿದೆ, 50 ಕಿ.ಮೀ. ವೇಗ ಮೀರಬೇಡಿ ಎಂಬ ಸಂದೇಶ ಬಂದು, ನಂತರ ಗಾಡಿ ನಿಧಾನವಾಗಿ ಮೇಲೆದ್ದಿತು. ನಾಲ್ಕೂ ಕಡೆ ಸಮನಾಗಿ ಇಳಿದಿರುವುದರಿಂದ ಗಾಳಿ ಸೋರಿಕೆ ಇಲ್ಲ, ಇದು ಬರೀ ಸೆನ್ಸರ್ ದೋಷ ಎಂದು ವ್ಯಾಪಾರಿ ಹೇಳುತ್ತಾರೆ. ಇದನ್ನು ನಂಬಬಹುದೇ? ಏರ್ ಸಸ್ಪೆನ್ಷನ್ ತೆಗೆಸಿ ಕಾಯಿಲ್ ಸ್ಪ್ರಿಂಗ್ ಹಾಕಿಸಿ ಎಂದೂ ಕೆಲವರು ಸಲಹೆ ಕೊಡುತ್ತಿದ್ದಾರೆ.

ಉತ್ತರ (ಬೆಂಗಳೂರಿನಿಂದ)

ಸರ್, ವ್ಯಾಪಾರಿಯ ವಾದ ಕೇಳುವುದಕ್ಕೆ ಸರಿಯಾಗಿದ್ದರೂ ಈ ಗಾಡಿಯ ವಿಷಯದಲ್ಲಿ ಅದು ತಿರುಗುಮುರುಗು. ಡಿಸ್ಕವರಿ 3 ಮತ್ತು 4ರ ಸಸ್ಪೆನ್ಷನ್ ನಿಯಂತ್ರಿಸುವ ಮಾಡ್ಯೂಲ್ (ಪುಟ್ಟ ಕಂಪ್ಯೂಟರ್), ಗಾಡಿಗೆ ಬೀಗ ಹಾಕಿ ಹೋದ ನಂತರವೂ ಆಗಾಗ ಎಚ್ಚೆತ್ತು ನಾಲ್ಕು ಮೂಲೆಗಳ ಎತ್ತರವನ್ನು ಪರೀಕ್ಷಿಸುತ್ತದೆ. ಎಂಜಿನ್ ಓಡದಿರುವಾಗ ಕಂಪ್ರೆಸರ್ ನಡೆಸಿ ಬ್ಯಾಟರಿ ಖಾಲಿ ಮಾಡುವ ಬದಲು, ಒಂದು ಮೂಲೆ ಇಳಿದಿದ್ದರೆ ಉಳಿದ ಮೂರರಿಂದಲೂ ಗಾಳಿ ಬಿಟ್ಟು ಎಲ್ಲವನ್ನೂ ಅದರ ಮಟ್ಟಕ್ಕೆ ತರುತ್ತದೆ. ಹೀಗಾಗಿ ಒಂದೇ ಒಂದು ಕಡೆ ಸೋರುತ್ತಿದ್ದರೂ ಬೆಳಗಾಗುವಷ್ಟರಲ್ಲಿ ಇಡೀ ಗಾಡಿ ಸಮನಾಗಿ ಕುಳಿತಿರುತ್ತದೆ.

ಯಾವ ಮೂಲೆ ಎಂದು ತಿಳಿಯಬೇಕಾದರೆ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ಸಾಮಾನ್ಯ ಎತ್ತರದಲ್ಲಿ ನಿಲ್ಲಿಸಿ, ಪ್ರತಿಯೊಂದು ಚಕ್ರದ ನಡುವಿನಿಂದ ಮೇಲಿನ ಕಮಾನಿನ ಅಂಚಿನವರೆಗೆ ಅಳತೆ ಬರೆದುಕೊಳ್ಳಿ. ನಂತರ ಮಾಲೀಕರ ಕೈಪಿಡಿ ನೋಡಿ ಸಸ್ಪೆನ್ಷನ್ ಮಾಡ್ಯೂಲಿನ ಫ್ಯೂಸ್ ತೆಗೆದು ರಾತ್ರಿ ಹಾಗೆಯೇ ಬಿಡಿ. ಮಾಡ್ಯೂಲಿಗೆ ವಿದ್ಯುತ್ ಇಲ್ಲದಿದ್ದರೆ ಅದು ಉಳಿದ ಮೂಲೆಗಳನ್ನು ಇಳಿಸಲಾರದು, ಆದ್ದರಿಂದ ಬೆಳಿಗ್ಗೆ ಸೋರುವ ಮೂಲೆಯೊಂದೇ ಕೆಳಗಿರುತ್ತದೆ. ಆ ಚಕ್ರದ ಏರ್ ಸ್ಪ್ರಿಂಗಿನ ರಬ್ಬರ್ ಮಡಿಕೆಗಳ ಮೇಲೂ, ಪೈಪ್ ಸೇರುವ ಜಾಗದ ಮೇಲೂ ಸೋಪಿನ ನೀರು ಸಿಂಪಡಿಸಿದರೆ ಗುಳ್ಳೆ ಏಳುವ ಜಾಗ ಸಿಗುತ್ತದೆ. ರಬ್ಬರಿನಲ್ಲೇ ಗುಳ್ಳೆ ಬಂದರೆ ಸ್ಟ್ರಟ್ (ಏರ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಇಡೀ ಭಾಗ) ಬದಲಿಸಬೇಕಾಗುತ್ತದೆ. ಪೈಪಿನ ಜೋಡಣೆಯಲ್ಲಿ ಬಂದರೆ ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿದರೆ ಮುಗಿಯುವ ಸಣ್ಣ ಕೆಲಸ. ಇದರ ಜೊತೆಗೆ ಈ ಗಾಡಿಯ ಮಾಡ್ಯೂಲುಗಳನ್ನು ಓದಬಲ್ಲ ಸ್ಕ್ಯಾನರ್ ಇರುವವರಿಂದ ದೋಷದ ಕೋಡುಗಳನ್ನೂ ಓದಿಸಿ. ಎಲ್ಲ ಕಾರಿಗೂ ಚುಚ್ಚುವ ಸಾಮಾನ್ಯ ಓಬಿಡಿ ಸಾಧನ ಎಂಜಿನ್ ಕೋಡುಗಳನ್ನಷ್ಟೇ ತೋರಿಸುತ್ತದೆ. ಇನ್ನೊಂದು ವಿಷಯ: ಬಾಗಿಲು ತೆರೆದಿದ್ದರೆ ಗಾಡಿ ಏಳುವುದು ಇಳಿಯುವುದು ನಿಂತುಬಿಡುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಯಾರಾದರೂ ಬಾಗಿಲಿಗೆ ಒರಗಿ ಮಾತಾಡುತ್ತಾ ನಿಂತಿದ್ದರೆ ಮುಚ್ಚಿಸಿ.

ಕಾಯಿಲ್ ಸ್ಪ್ರಿಂಗ್ ಸಲಹೆಯನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯ ಎತ್ತರಕ್ಕಿಂತ ಸುಮಾರು 55 ಮಿ.ಮೀ. ಮೇಲೇಳುವುದೂ, ಹತ್ತಿ ಇಳಿಯಲು 50 ಮಿ.ಮೀ. ಕೆಳಗಿಳಿಯುವುದೂ ಈ ಗಾಡಿಯ ಸ್ವಭಾವವೇ ಆಗಿವೆ. ಕೆಸರಿನ ದಾರಿಗೆ ಮೊದಲನೆಯದು ಬೇಕು, ವಯಸ್ಸಾದ ನಿಮ್ಮ ತಂದೆ ತಾಯಿಗೆ ಎರಡನೆಯದು ಬೇಕು. ಎರಡನ್ನೂ ಕಿತ್ತುಹಾಕಿದ ಮೇಲೆ ಸುಮಾರು ಎರಡೂವರೆ ಟನ್ ತೂಕದ ಈ ಗಾಡಿಯನ್ನೇ ಏಕೆ ಕೊಳ್ಳಬೇಕು?

ಪ್ರಶ್ನೆ ಕೇಳಿದವರು

ಹೇಳಿದಂತೆ ಮಾಡಿಸಿದೆ. ಫ್ಯೂಸ್ ತೆಗೆದಾಗ ಮುಂದಿನ ಎಡ ಮೂಲೆ ಮಾತ್ರ 40 ಮಿ.ಮೀ. ಇಳಿದಿತ್ತು, ಉಳಿದ ಮೂರೂ ಇದ್ದಲ್ಲೇ ಇದ್ದವು. ಸೋಪಿನ ನೀರಿಗೆ ಸ್ಟ್ರಟ್ಟಿನ ತಲೆಯಲ್ಲಿ ಪೈಪ್ ಸೇರುವ ಜಾಗದಲ್ಲಿ ಗುಳ್ಳೆ ಎದ್ದಿತು. ಸ್ಕ್ಯಾನರಿನಲ್ಲಿ ಸಿ1ಎ20 ಎಂಬ ಕೋಡ್ ಬಂದಿದೆ.

ಉತ್ತರ (ಬೆಂಗಳೂರಿನಿಂದ)

ಒಳ್ಳೆಯ ಸುದ್ದಿಯೇ. ಸಿ1ಎ20 ಎಂದರೆ ಗಾಳಿಯ ಟ್ಯಾಂಕ್ ತುಂಬುವಾಗ ಒತ್ತಡ ಏರಬೇಕಾದಷ್ಟು ಬೇಗ ಏರುತ್ತಿಲ್ಲ ಎಂದರ್ಥ. ಸೆನ್ಸರಿನ ದೋಷಕ್ಕೆ ಬರುವ ಕೋಡ್ ಇದಲ್ಲ. ಸೋರಿಕೆಯನ್ನು ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಕಂಪ್ರೆಸರ್ ಹೆಚ್ಚು ಹೊತ್ತು ಓಡಿ ಅದರ ಪಿಸ್ಟನ್ ರಿಂಗ್ ಸವೆಯುತ್ತದೆ, ಗಾಳಿಯ ತೇವ ಹೀರುವ ಡ್ರೈಯರಿನ ಕಣಗಳು ಪುಡಿಯಾಗಿ ವಾಲ್ವುಗಳೊಳಗೆ ಸೇರುತ್ತವೆ, ಕೆಲವೊಮ್ಮೆ ಕಂಪ್ರೆಸರಿಗೆ ವಿದ್ಯುತ್ ಕೊಟ್ಟು ನಿಲ್ಲಿಸುವ ರಿಲೇಯ ತುದಿಗಳು ಸುಟ್ಟು ಅಂಟಿಕೊಂಡು ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಆದ್ದರಿಂದ ಫಿಟ್ಟಿಂಗ್, ರಿಲೇ, ಡ್ರೈಯರ್ ಮೂರಕ್ಕೂ ಹಣ ಎತ್ತಿಡಿ, ಕಂಪ್ರೆಸರ್ ಬದಲಿಸಬೇಕಾಗಬಹುದೆಂದೂ ಲೆಕ್ಕ ಹಾಕಿಕೊಳ್ಳಿ. ಮೊದಲ ವರ್ಷಗಳ ಗಾಡಿಗಳಲ್ಲಿ ಹಿಟಾಚಿ ಕಂಪ್ರೆಸರ್ ಇತ್ತು, ನಂತರದವುಗಳಲ್ಲಿ ಎಎಂಕೆ ಇದೆ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಿದರೆ ಮಾಡ್ಯೂಲಿನ ಸಾಫ್ಟ್‌ವೇರನ್ನೂ ಬದಲಿಸಬೇಕು, ಅದನ್ನು ಮಾಡದೆ ಬಿಟ್ಟ ಗ್ಯಾರೇಜುಗಳಿಂದ ಅದೇ ಕೋಡ್ ಹೊತ್ತು ಬರುವ ಗಾಡಿಗಳಿವೆ.

ಆದರೆ ಸರ್, ನನಗೆ ಚಿಂತೆ ಇರುವುದು ಸಸ್ಪೆನ್ಷನ್ ಬಗ್ಗೆ ಅಲ್ಲ. ಕುಸಿದು ಕುಳಿತ ಗಾಡಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಎಲ್ಲರೂ ಅದರ ಮೇಲೆ ಚೌಕಾಶಿ ಮಾಡುತ್ತಾರೆ, ಎಂಜಿನ್ನಿನ ಕಡತವನ್ನು ಯಾರೂ ಕೇಳುವುದಿಲ್ಲ. ಈ 3.0 ಲೀಟರ್ ವಿ6 ಡೀಸೆಲ್‌ನಲ್ಲಿ ಮುಖ್ಯ ಬೇರಿಂಗ್ ತಿರುಗಿ ಕ್ರ್ಯಾಂಕ್‌ಶಾಫ್ಟ್ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ತುಂಡಾದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಎಲ್ಲ ಎಂಜಿನ್ನಿಗೂ ಹೀಗಾಗುತ್ತದೆ ಎಂದಲ್ಲ, ಚೆನ್ನಾಗಿ ಓಡಿದವು ಬಹಳ ಇವೆ. ಆದರೆ ಆಗುವಾಗ ಮೊದಲೇ ಸದ್ದು ಮಾಡಿ ಎಚ್ಚರಿಸದೆಯೂ ಆಗಬಹುದು, ಆದ ಮೇಲೆ ಬರುವ ಖರ್ಚು ಗಾಡಿಯ ಬೆಲೆಯನ್ನೇ ಮುಟ್ಟುತ್ತದೆ. ನಮ್ಮ ಕೈಯಲ್ಲಿರುವುದು ಆಯಿಲ್ ಒಂದೇ. ತಯಾರಕರು ಹೇಳಿದ ದರ್ಜೆಯ ಆಯಿಲನ್ನು ಅವರು ಕೊಟ್ಟ ಅವಧಿಗಿಂತ ಬೇಗನೆ ಬದಲಿಸುತ್ತಾ ಬಂದವರ ಗಾಡಿ ಹುಡುಕಬೇಕು. ಎಲ್ಲ ಬಿಲ್ಲುಗಳನ್ನೂ ಕೇಳಿ ಕಿಲೋಮೀಟರ್ ಪ್ರಕಾರ ಜೋಡಿಸಿ ನೋಡಿ. ಆಯಿಲ್ ಫಿಲ್ಟರ್ ಬಿಚ್ಚಿಸಿ, ಅದರ ಕಾಗದದ ಮಡಿಕೆಗಳನ್ನು ಬಿಡಿಸಿ ಬಿಸಿಲಿನಲ್ಲಿ ಹಿಡಿಯಿರಿ. ಲೋಹದ ಮಿನುಗು ಕಂಡರೆ ಮುಂದೆ ಮಾತೇ ಬೇಡ.

ಟೈಮಿಂಗ್ ಬೆಲ್ಟ್ ಎರಡಿವೆ: ಮುಂದಿನದು ಕ್ಯಾಮ್‌ಶಾಫ್ಟ್ ತಿರುಗಿಸುತ್ತದೆ, ಹಿಂದಿನದು ಡೀಸೆಲ್ ಪಂಪನ್ನು ನಡೆಸುತ್ತದೆ. ರಬ್ಬರಿಗೆ ವಯಸ್ಸೂ ಲೆಕ್ಕ. ಹತ್ತು ವರ್ಷ ದಾಟಿದ ಗಾಡಿಯಲ್ಲಿ ಬದಲಿಸಿದ ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ.

ಉತ್ತರ (ಹುಬ್ಬಳ್ಳಿಯಿಂದ)

ಕಾಗದಪತ್ರದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದೆಹಲಿಯ ಡೀಸೆಲ್ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಬರುವುದಕ್ಕೆ, ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಅಲ್ಲಿ ಓಡಬಾರದೆಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶವೂ, 2018ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಒತ್ತಾಸೆಯಾಗಿ ನಿಂತದ್ದೂ ಮುಖ್ಯ ಕಾರಣ. 2025ರ ಆಗಸ್ಟ್‌ನಲ್ಲಿ ಅದೇ ಕೋರ್ಟ್ ವಾಹನದ ವಯಸ್ಸಿನ ಕಾರಣಕ್ಕೇ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದಿತು. ಆದರೂ ಹತ್ತು ವರ್ಷ ಮೀರಿದ ಗಾಡಿಯ ದಾಖಲೆ ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಸರ್ಕಾರದ ವಾಹನ ದಾಖಲೆಗಳ ಪರಿವಾಹನ್ ಜಾಲತಾಣದಲ್ಲಿ ನೀವೇ ನೋಡಿ, ವ್ಯಾಪಾರಿ ಕಳಿಸುವ ಫೋಟೋ ನಂಬಬೇಡಿ.

ಫಾರ್ಮ್ 28ರ ಎನ್‌ಒಸಿ (ಬೇರೆ ರಾಜ್ಯಕ್ಕೆ ಒಯ್ಯಲು ನಿರಾಕ್ಷೇಪಣಾ ಪತ್ರ) ಕೈಗೆ ಬರುವ ತನಕ ಮುಂಗಡ ಕೊಡಬೇಡಿ. ಸಾಲದಲ್ಲಿ ಕೊಂಡಿದ್ದ ಗಾಡಿಯಾಗಿದ್ದರೆ ಅದು ತೀರಿದ್ದಕ್ಕೆ ಫಾರ್ಮ್ 35, ಹೆಸರು ವರ್ಗಾವಣೆಗೆ 29 ಮತ್ತು 30, ಕರ್ನಾಟಕದ ಹೊಸ ಸಂಖ್ಯೆಗೆ 27 ಬೇಕು. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಉಳಿದರೆ ಹೊಸ ಸಂಖ್ಯೆ ಕಡ್ಡಾಯ. ನಮ್ಮ ರಾಜ್ಯದ ಜೀವಾವಧಿ ತೆರಿಗೆಯನ್ನು ನೀವು ಈಗ ಕೊಡುವ ಬೆಲೆಯ ಮೇಲಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕ ರಿಯಾಯಿತಿ ಕಳೆದು ಹಾಕುತ್ತಾರೆ. ಇಪ್ಪತ್ತು ಲಕ್ಷಕ್ಕಿಂತ ಹೆಚ್ಚಿನ ಬೆಲೆಯ ಕಾರುಗಳಿಗೆ ಅತಿ ಹೆಚ್ಚಿನ ದರವಿರುವುದರಿಂದ, ಪೂರ್ತಿ ಆಮದಾಗಿ ಬಂದ ಇಂಥ ಗಾಡಿಗೆ ರಿಯಾಯಿತಿ ಕಳೆದರೂ ದೊಡ್ಡ ಮೊತ್ತವೇ ಉಳಿಯುತ್ತದೆ. ಸಕಲೇಶಪುರದ ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿಕೊಂಡ ಮೇಲೆ ಈ ಬೆಲೆ ಅಗ್ಗವೋ ಅಲ್ಲವೋ ಎಂದು ತೀರ್ಮಾನಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಫಿಲ್ಟರ್ ಬಿಚ್ಚಿಸಿದೆ, ಮಿನುಗು ಇಲ್ಲ. ಬೆಲ್ಟಿನ ಬಿಲ್ ಇಲ್ಲ. ಆಯಿಲ್ ಬಿಲ್ಲುಗಳು 52,000 ಕಿ.ಮೀ.ವರೆಗೆ ಕ್ರಮವಾಗಿವೆ, ಆಮೇಲೆ 79,000ದಲ್ಲಿ ಒಂದೇ ಒಂದು. ನಡುವಿನವು ಕಳೆದುಹೋಗಿವೆಯಂತೆ.

ಈ ನಡುವೆ ಮೈಸೂರಿನಲ್ಲಿ 2015ರ ಇನ್ನೊಂದು ಡಿಸ್ಕವರಿ 4 ಸಿಕ್ಕಿದೆ. ಕರ್ನಾಟಕದ್ದೇ ನೋಂದಣಿ, ಒಬ್ಬರೇ ಮಾಲೀಕರು, 1,18,000 ಕಿ.ಮೀ., ಎಲ್ಲ ಬಿಲ್ಲುಗಳೂ ಇವೆ, ಎರಡೂ ಬೆಲ್ಟ್ ಬದಲಾಗಿವೆ, ಬೆಲೆ ಮಾತ್ರ ಕಾಲು ಭಾಗ ಹೆಚ್ಚು. ಒಂದು ಅನುಮಾನವಿದೆ: ದೆಹಲಿ ಗಾಡಿಯಲ್ಲಿದ್ದ ಬೆಟ್ಟದ ಚಿತ್ರದ ಲೋ ರೇಂಜ್ (ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಗೇರ್ ಸಾಲು) ಬಟನ್ ಇದರಲ್ಲಿ ಕಾಣುತ್ತಿಲ್ಲ.

ಉತ್ತರ (ಬೆಂಗಳೂರಿನಿಂದ)

ಚೆನ್ನಾಗಿ ಗಮನಿಸಿದ್ದೀರಿ. 2014ರ ಮಾದರಿ ವರ್ಷದಿಂದ ಹಲವು ದೇಶಗಳಲ್ಲಿ ಲೋ ರೇಂಜ್ ಇಲ್ಲದ, ಒಂದೇ ವೇಗದ ಟ್ರಾನ್ಸ್‌ಫರ್ ಬಾಕ್ಸ್ (ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಇರುವ ಡಿಸ್ಕವರಿ 4 ಕೂಡ ಮಾರಾಟವಾಗಿದೆ. ಹೊರಗಿನಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ, ಜಾಹೀರಾತಿನಲ್ಲಿ ಎಲ್ಲವನ್ನೂ ಫೋರ್ ಬೈ ಫೋರ್ ಎಂದೇ ಬರೆಯುತ್ತಾರೆ. ನೆಲಕ್ಕೆ ತಕ್ಕ ಕ್ರಮ ಆರಿಸುವ ಟೆರೇನ್ ರೆಸ್ಪಾನ್ಸ್ ಗುಂಡಿಯ ಬಂಡೆ ಹತ್ತುವ ಕ್ರಮ ಲೋ ರೇಂಜ್‌ನಲ್ಲಿ ಮಾತ್ರ ಕೆಲಸ ಮಾಡುವಂಥದ್ದು, ಆದ್ದರಿಂದ ಆ ಕ್ರಮವೂ ಈ ಗಾಡಿಯಲ್ಲಿ ಸಿಗುವುದಿಲ್ಲ.

ದೆಹಲಿ ಗಾಡಿಯನ್ನು ಬಿಡಿ. ಸುಮಾರು 27,000 ಕಿ.ಮೀ. ಆಯಿಲ್ ಬದಲಾದ ದಾಖಲೆ ಇಲ್ಲದ ಈ ಎಂಜಿನ್ನನ್ನು, ಹೊಸ ಎಂಜಿನ್ ಹಾಕಿಸುವ ಹಣವನ್ನು ಪಕ್ಕದಲ್ಲಿಟ್ಟುಕೊಂಡವರು ಮಾತ್ರ ಕೊಳ್ಳಬೇಕು. ಫಿಲ್ಟರ್ ಶುಭ್ರವಾಗಿದೆ ಎನ್ನುವುದು ಸಾಲದು, ಅದು ಇತ್ತೀಚೆಗೆ ಹಾಕಿದ ಫಿಲ್ಟರ್ ಆಗಿರಬಹುದು.

ಉತ್ತರ (ಹುಬ್ಬಳ್ಳಿಯಿಂದ)

ದೆಹಲಿ ಗಾಡಿ ಬೇಡವೆನ್ನುವುದಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಲೋ ರೇಂಜ್ ಇಲ್ಲದ್ದನ್ನು ತೋಟದ ದಾರಿಗೆ ಕೊಳ್ಳುವುದು ಸರಿಯೇ? ಕೆಸರಿನಲ್ಲಿ ಭಾರ ಹೊತ್ತು ಏರು ಹತ್ತುವಾಗ ಎಂಜಿನ್ನಿನ ಬಲವನ್ನು ಗೇರ್ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಬಿಸಿಯಾಗುತ್ತದೆ. ಇಳಿಯುವಾಗ ಎಂಜಿನ್ನಿನ ಹಿಡಿತವೂ ಕಡಿಮೆ.

ಉತ್ತರ (ಬೆಂಗಳೂರಿನಿಂದ)

ಪಿಕಪ್ಪಿನಂತೆ ಗೊಬ್ಬರದ ಮೂಟೆ ಹೇರಿ ಟ್ರೇಲರ್ ಎಳೆಯುವುದಾದರೆ ನಿಮ್ಮ ಮಾತೇ ಸರಿ. ಇವರು ಕುಟುಂಬವನ್ನು ಕರೆದುಕೊಂಡು ಹೋಗುವವರು. ಜೆಡ್‌ಎಫ್ ಕಂಪನಿಯ ಎಂಟು ಗೇರಿನ ಬಾಕ್ಸಿನ ಮೊದಲ ಗೇರಿಗೆ ನಿಧಾನವಾಗಿ ಏರು ಹತ್ತುವಷ್ಟು ಎಳೆತವಿದೆ, ಇಳಿಜಾರಿನಲ್ಲಿ ತಾನಾಗಿ ಬ್ರೇಕ್ ಹಿಡಿದು ನಿಧಾನವಾಗಿ ಇಳಿಸುವ ಹಿಲ್ ಡಿಸೆಂಟ್ ಕಂಟ್ರೋಲ್ ಇದೆ, 700 ಮಿ.ಮೀ. ನೀರಿನಲ್ಲಿ ಹಾಯುವ ಸಾಮರ್ಥ್ಯವೂ ಇದೆ. ಒದ್ದೆಯಾದ ಜೇಡಿಮಣ್ಣಿನಲ್ಲಿ ನಿಜವಾದ ತೀರ್ಪು ಕೊಡುವುದು ಟೈರು. 19 ಇಂಚಿನ ಚಕ್ರಕ್ಕೆ 255/55 ಅಳತೆಯಲ್ಲಿ ಆಲ್ ಟೆರೇನ್ ಟೈರ್ ಸಿಗುತ್ತದೆ. 20 ಇಂಚಿನ ಚಕ್ರವಿದ್ದರೆ ಮೊದಲು 19ಕ್ಕೆ ಬದಲಿಸಿ.

ಪ್ರಶ್ನೆ ಕೇಳಿದವರು

ಮೈಸೂರಿನ ಮಾಲೀಕರು, ಪೆಟ್ರೋಲ್ ಪಂಪಿನವರೆಗಲ್ಲ, ತೋಟದವರೆಗೇ ಬಂದು ಓಡಿಸಿ ನೋಡಿ ಎಂದಿದ್ದಾರೆ. ಅವರ ಗಾಡಿ ರಾತ್ರಿ ಫ್ಯೂಸ್ ತೆಗೆದು ಬಿಟ್ಟರೂ ನಾಲ್ಕೂ ಮೂಲೆಯಲ್ಲಿ ಇದ್ದಲ್ಲೇ ಇರುತ್ತದೆ. ಇನ್ನು ನೋಡಬೇಕಾದದ್ದು ಏನಾದರೂ ಉಳಿದಿದೆಯೇ?

ಉತ್ತರ (ಬೆಂಗಳೂರಿನಿಂದ)

ಮಳೆ ಬಂದ ಮರುದಿನವೇ ಕರೆಸಿ. ಹೋಗುವ ಮುಂಚೆ ಕೈ ಬ್ರೇಕಿನ ಸ್ವಿಚ್ ಎಳೆದು ಬಿಟ್ಟು ನೋಡಿ: ಹಿಂದಿನಿಂದ ಕಿರುಚುವ ಸದ್ದು ಬಂದರೆ ಅದರ ವಿದ್ಯುತ್ ಮೋಟಾರಿಗೂ, ಹಿಂದಿನ ಚಕ್ರದೊಳಗಿನ ಡ್ರಮ್ಮಿನ ಶೂಗಳಿಗೂ ಕೆಲಸವಿದೆ. ನಿಮ್ಮ ಕೆಸರಿನಲ್ಲಿ ಓಡಿಸುವಾಗ ಆ ಡ್ರಮ್ಮುಗಳನ್ನು ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಬಿಚ್ಚಿ ತೊಳೆಸಬೇಕು. ಮುಂದಿನ ಕೆಳ ಆರ್ಮಿನ ಬುಷ್‌ಗಳು ಸಡಿಲವಾಗಿದ್ದರೆ ಬ್ರೇಕ್ ಹಾಕಿದಾಗ ಸ್ಟೀರಿಂಗ್ ಅಲ್ಲಾಡುತ್ತದೆ. ಸನ್‌ರೂಫಿನ ನೀರು ಹೋಗುವ ಕೊಳವೆ ಎಲೆಯಿಂದ ಕಟ್ಟಿಕೊಂಡರೆ ನೀರು ಒಳಗಿಳಿದು ಎಲೆಕ್ಟ್ರಾನಿಕ್ ಭಾಗಗಳನ್ನು ಹಾಳು ಮಾಡುತ್ತದೆ; ಮುಂದಿನ ಕಾರ್ಪೆಟ್ಟಿನ ಕೆಳಗೆ ಕೈ ಹಾಕಿ ತೇವವಿದೆಯೇ ನೋಡಿ, ಮಲೆನಾಡಿನಲ್ಲಿ ಮರದಡಿ ನಿಲ್ಲುವ ಗಾಡಿಗೆ ಇದು ತಪ್ಪದ ಕಾಟ. ಇವೆಲ್ಲ ಸರಿಯಿದ್ದರೆ ಎಂಜಿನ್ ಪೂರ್ತಿ ತಣ್ಣಗಿರುವಾಗ ನೀವೇ ಚಾಲೂ ಮಾಡಿ. ಮಾಲೀಕರು ಮೊದಲೇ ಬಿಸಿ ಮಾಡಿ ತಂದಿದ್ದರೆ ರಾತ್ರಿ ತೋಟದಲ್ಲೇ ನಿಲ್ಲಿಸಿ ಮರುದಿನ ಬೆಳಿಗ್ಗೆ ನೋಡಿ.