ಹತ್ತಿ ಪ್ರಶ್ನೋತ್ತರ: "ಯಾವ ಹೈಬ್ರಿಡ್ ಹಾಕಿದರೆ 15 ಕ್ವಿಂಟಲ್ ಬರುತ್ತೆ ಸರ್?"

ಪ್ರಶ್ನೆ (ಸವಣೂರು ಕಡೆಯ ರೈತರು):
ನಮಸ್ಕಾರ ಸರ್. ನಂದು ನಾಲ್ಕು ಎಕರೆ ಎರೆ ಹೊಲ, ಮಳೆ ನಂಬಿದ ಬೇಸಾಯ. ವರ್ಷಾ ವರ್ಷಾ ಹೊಸ ಹೈಬ್ರಿಡ್ ಬೀಜ ತರುತ್ತೇನೆ. ಹೋದ ಸಲ ಅಂಗಡಿಯವರು ಎಕರೆಗೆ 15 ಕ್ವಿಂಟಲ್ ಗ್ಯಾರಂಟಿ ಅಂದಿದ್ದರು. ಬಂದಿದ್ದು ಆರೂವರೆ. ಈ ಸಲ ಯಾವುದು ಹಾಕಲಿ? ಹೆಸರು ಹೇಳಿದರೆ ಸಾಕು.

ಉತ್ತರ (ಹತ್ತಿ ತಳಿ ವಿಜ್ಞಾನಿ):
ನಮಸ್ಕಾರ ಯಜಮಾನ್ರೇ. ಹೆಸರು ಆಮೇಲೆ ನೋಡೋಣ. ಸಾಲಿನಿಂದ ಸಾಲಿಗೆ ಎಷ್ಟು ಬಿಟ್ಟಿದ್ದಿರಿ, ಗಿಡದಿಂದ ಗಿಡಕ್ಕೆ ಎಷ್ಟು? ಕೊನೆಯ ಹತ್ತಿ ಬಿಡಿಸಿದ್ದು ಯಾವಾಗ?

ಸವಣೂರು:
ಸಾಲು ಮೂರು ಅಡಿ, ಗಿಡ ಎರಡು ಅಡಿ. ಕೊನೇದು ಬಿಡಿಸಿದ್ದು ಫೆಬ್ರವರಿಯಲ್ಲಿ. ಅದು ಕೂಲಿಗೂ ಸಾಲಲಿಲ್ಲ ಸರ್. ಕಾಯಿ ಒಡೆದು ನೋಡಿದರೆ ಒಳಗೆಲ್ಲ ಗುಲಾಬಿ ಹುಳ.

ಉತ್ತರ:
ಲೆಕ್ಕ ಅಲ್ಲೇ ಇದೆ. ಮೂರು ಅಡಿಗೆ ಎರಡು ಅಡಿ ಅಂದರೆ ಒಂದು ಗಿಡಕ್ಕೆ ಆರು ಚದರ ಅಡಿ ಜಾಗ. ಎಕರೆಗೆ 7,260 ಗಿಡ. ಒಂದು ಕಾಯಿಯಲ್ಲಿ ಬೀಜ ಸಮೇತ ನಾಲ್ಕೂವರೆ ಗ್ರಾಂ ಹತ್ತಿ ಅಂತ ಹಿಡಿಯಿರಿ. ಆರೂವರೆ ಕ್ವಿಂಟಲ್ ಬಂದಿದೆ ಅಂದರೆ ಗಿಡಕ್ಕೆ 20 ಕಾಯಿ ನಿಮ್ಮ ಕೈ ಸೇರಿದೆ. 15 ಕ್ವಿಂಟಲ್ ಬೇಕಿದ್ದರೆ ಅದೇ ಗಿಡದಲ್ಲಿ 45 ಒಳ್ಳೆ ಕಾಯಿ ನಿಲ್ಲಬೇಕು. ಮಳೆ ನಂಬಿದ ಹೊಲದಲ್ಲಿ ಅದು ಆಗದ ಮಾತು. ಗಿಡ ಕಾಯಿ ಕಟ್ಟುತ್ತಾ ಕಟ್ಟುತ್ತಾ ನವೆಂಬರ್ ಬರುತ್ತದೆ. ಭೂಮಿಯಲ್ಲಿ ಹಸಿ ಮುಗಿದಿರುತ್ತದೆ, ನೀವು ಕಂಡ ಗುಲಾಬಿ ಹುಳ, ಅಂದರೆ ಗುಲಾಬಿ ಕಾಯಿಕೊರಕ ಜಾಸ್ತಿ ಆಗುವುದೂ ಆಗಲೇ. ನೀವು ಕಳೆದುಕೊಂಡಿದ್ದು ಹೆಚ್ಚಾಗಿ ಆ ಕೊನೆಯ ಕಾಯಿಗಳನ್ನು.

ಈಗ ಗಿಡದ ಅಂತರ ಅರ್ಧ ಅಡಿಗೆ ಇಳಿಸಿ ನೋಡಿ. ಎಕರೆಗೆ 29,000 ಗಿಡ. ಗಿಡಕ್ಕೆ ಬರೀ 8 ಕಾಯಿ, ಕಾಯಿಗೆ 4 ಗ್ರಾಂ ಸಿಕ್ಕರೂ ಒಂಬತ್ತು ಕ್ವಿಂಟಲ್ ದಾಟುತ್ತದೆ. ಎಂಟು ಕಾಯಿ ಮೂರ್ನಾಲ್ಕು ವಾರದಲ್ಲಿ ಕಟ್ಟಿ ಮುಗಿಯುತ್ತವೆ, ಹುಳ ಏರುವ ಹೊತ್ತಿಗೆ ಬೆಳೆ ಕೈಗೆ ಬಂದಿರುತ್ತದೆ. ಇದನ್ನೇ ಒತ್ತು ಬಿತ್ತನೆ, ಎಚ್‌ಡಿಪಿಎಸ್ ಅನ್ನುವುದು. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯವರು ವರ್ಷಗಳಿಂದ ಇದರ ಮೇಲೆ ಕೆಲಸ ಮಾಡುತ್ತಿದ್ದಾರೆ. ಬ್ರೆಜಿಲ್, ಆಸ್ಟ್ರೇಲಿಯಾದಲ್ಲೂ ನಮಗಿಂತ ಒತ್ತಾಗಿಯೇ ಬಿತ್ತುತ್ತಾರೆ. ಅವರು ಹಾಕುವುದು ಹೈಬ್ರಿಡ್ ಅಲ್ಲ, ಸಾದಾ ತಳಿ. ಬಹುಪಾಲು ಹೊಲಕ್ಕೆ ಹೈಬ್ರಿಡ್ ಹಾಕುವ ದೊಡ್ಡ ಹತ್ತಿ ದೇಶ ಅಂದರೆ ನಮ್ಮದೇ. ಹಾಗಿದ್ದೂ ಹೆಕ್ಟೇರಿಗೆ ನಮ್ಮ ಸರಾಸರಿ ಅರಳೆ (ಬೀಜ ತೆಗೆದ ಹತ್ತಿ) ಸುಮಾರು 450 ಕೆಜಿ, ಪ್ರಪಂಚದ ಸರಾಸರಿಗಿಂತ ಎಷ್ಟೋ ಕೆಳಗೆ. ಜೀವಮಾನವೆಲ್ಲ ಹೈಬ್ರಿಡ್ ಮಾಡಿದವನು ನಾನು, ಇದನ್ನು ಹೇಳಲು ನನಗೇನೂ ಖುಷಿ ಇಲ್ಲ.

ರಾಣೆಬೆನ್ನೂರು ಕಡೆಯ ಸದಸ್ಯೆ:
ಹಾಗಾದರೆ ಹೈಬ್ರಿಡ್ ಸುಮ್ನೆ ಅಂತೀರಾ ಸರ್? ನಾವು ಹದಿನೈದು ವರ್ಷದಿಂದ ಸೀಡ್ಸ್ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡಿಸುತ್ತಿದ್ದೇವೆ.

ಉತ್ತರ:
ಇಲ್ಲ ಅಕ್ಕಾ, ಹಾಗಲ್ಲ. ನಿಮ್ಮ ಕಡೆಯ ಹೆಣ್ಣುಮಕ್ಕಳ ಕೈ ಇಲ್ಲದಿದ್ದರೆ ಈ ದೇಶದಲ್ಲಿ ಹೈಬ್ರಿಡ್ ಹತ್ತಿಯೇ ಇರುತ್ತಿರಲಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹುಡುಕಿ, ಉಗುರಿನಿಂದ ಎಸಳು, ಕೇಸರ ಎಲ್ಲ ಬಿಡಿಸಿ, ಗುರುತಿಗೆ ಬಣ್ಣದ ಕಾಗದ ಹಾಕುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಪರಾಗ ಸವರುತ್ತಾರೆ. ಒಂದೊಂದು ಹೂವಿಗೂ ಇಷ್ಟು ಕೆಲಸ. ಕಾಯಿ ಕಚ್ಚಿದರೆ ಸಿಗುವುದು ಇಪ್ಪತ್ತು ಚಿಲ್ಲರೆ ಬೀಜ. ಬೀಜ ದುಬಾರಿ ಆಗುವುದೇ ಇದರಿಂದ.

1970ರಲ್ಲಿ ಗುಜರಾತಿನ ಸೂರತ್‌ನಲ್ಲಿ ಸಿ. ಟಿ. ಪಟೇಲ್ ಅವರು ಎಚ್-4 ಅನ್ನುವ ಹೈಬ್ರಿಡ್ ತಂದರು. 1972ರಲ್ಲಿ ನಮ್ಮ ಧಾರವಾಡದಿಂದ ವರಲಕ್ಷ್ಮಿ ಬಂತು. ಅಮೆರಿಕನ್ ಹತ್ತಿಗೂ ಈಜಿಪ್ಟಿನ ಉದ್ದ ಎಳೆಯ ಹತ್ತಿಯ ಜಾತಿಗೂ ಸಂಬಂಧ ಮಾಡಿಸಿದ ತಳಿ ಅದು. 1981ರಲ್ಲಿ ಡಿಸಿಎಚ್-32, ಅಂದರೆ ಜಯಲಕ್ಷ್ಮಿ. ಎಚ್.ಡಿ. ಕೋಟೆ ಕಡೆ ಇದು ಚೆನ್ನಾಗಿ ಗೊತ್ತು. ಎಳೆ ಉದ್ದ, ದರವೂ ಉತ್ತಮ. ಆದರೆ ಆರು ತಿಂಗಳ ಬೆಳೆ, ಜಿಗಿಹುಳಕ್ಕೆ ಬೇಗ ಸೋಲುತ್ತದೆ. ನೀರಿದ್ದವರಿಗೆ, ಆರೈಕೆ ಮಾಡುವವರಿಗೆ ದೊಡ್ಡ ಗಿಡದ ಹೈಬ್ರಿಡ್ ಈಗಲೂ ಲಾಭವೇ. ನನ್ನ ತಕರಾರು ಇರುವುದು ಅದನ್ನೇ ಒಣ ಹೊಲಕ್ಕೂ ಹೇರುವುದರ ಬಗ್ಗೆ.

ಸವಣೂರು:
ಒತ್ತು ಬಿತ್ತಿದರೆ ಬೀಜ ಐದು ಪ್ಯಾಕೆಟ್ ಆದರೂ ಬೇಕಲ್ಲ ಸರ್. ಒಂದಕ್ಕೆ 900 ರೂಪಾಯಿ ಆಸುಪಾಸು. ಮನೆಯ ಬೀಜವನ್ನೇ ಹಾಕಿದರೆ?

ಉತ್ತರ:
ಹೈಬ್ರಿಡ್‌ನಿಂದ ತೆಗೆದ ಬೀಜ ಬೇಡ. ಎರಡನೇ ಪೀಳಿಗೆಯಲ್ಲಿ ಗುಣ ಒಡೆದುಹೋಗುತ್ತದೆ. ಒಂದು ಗಿಡ ಎದೆಮಟ್ಟ, ಪಕ್ಕದ್ದು ಮೊಣಕಾಲುಮಟ್ಟ. ಬಿಟಿ ಗುಣ, ಅಂದರೆ ಕಾಯಿಕೊರಕ ಕೊಲ್ಲುವ ವಿಷ ಗಿಡದಲ್ಲೇ ತಯಾರಾಗುವ ಗುಣ, ಅದೂ ಎಲ್ಲ ಗಿಡಕ್ಕೆ ಬರುವುದಿಲ್ಲ. ಹೈಬ್ರಿಡ್ ಗಿಡದ ಕಾಯಿಯೊಳಗಿನ ಬೀಜದಲ್ಲೂ ಇದೇ ಕಥೆ. ಒಂದು ಬೀಜದಲ್ಲಿ ಬಿಟಿ ವಿಷ ಇರುತ್ತದೆ, ಪಕ್ಕದ್ದರಲ್ಲಿ ಇರದೇ ಇರಬಹುದು. ಗುಲಾಬಿ ಹುಳ ಬೆಳೆಯುವುದೇ ಆ ಬೀಜ ತಿಂದು. ಸ್ವಲ್ಪ ಸ್ವಲ್ಪ ವಿಷಕ್ಕೆ ಹುಳ ಒಗ್ಗಿಕೊಂಡಿದ್ದಕ್ಕೆ ಇದೂ ಒಂದು ಕಾರಣ. 2002ರಲ್ಲಿ ಬಿಟಿ, 2006ರಲ್ಲಿ ಎರಡು ಜೀನ್‌ನ ಬಿಟಿ ಬಂತು. ಈಗ ಗುಲಾಬಿ ಹುಳ ಎರಡಕ್ಕೂ ಜಗ್ಗುವುದಿಲ್ಲ.

ಖರ್ಚು ಕಡಿಮೆ ಆಗಬೇಕಿದ್ದರೆ ಸಾದಾ ತಳಿ ಕೇಳಿ. ಅದರ ಬೀಜ ಮನೆಯಲ್ಲೇ ಇಟ್ಟುಕೊಂಡು ಬಿತ್ತಬಹುದು. ಧಾರವಾಡದ ಸಹನಾ ಅಂಥದ್ದೇ ತಳಿ. ಕೃಷಿ ವಿಶ್ವವಿದ್ಯಾಲಯದ ಬೀಜ ಘಟಕದಲ್ಲಿ ಮೊದಲೇ ವಿಚಾರಿಸಿ. ಬಿಟಿ ಇಲ್ಲದ ತಳಿ ಹಾಕಿದರೆ ಹಸಿರು ಕಾಯಿಕೊರಕದ ಮೇಲೂ ಕಣ್ಣಿಡಬೇಕು, ಅದು ನೆನಪಿರಲಿ.

ರಾಯಚೂರು ಕಡೆಯ ಸದಸ್ಯರು:
ಹೋದ ವರ್ಷ ನಾನು ಒತ್ತು ಬಿತ್ತನೆ ಮಾಡಿದ್ದೆ. ಗಿಡ ಎದೆಮಟ್ಟ ಬೆಳೆದು ಒಳಗೆ ಕಾಲಿಡಲು ಆಗಲಿಲ್ಲ. ಕೆಳಗಿನ ಕಾಯಿ ಕೊಳೆತವು.

ಉತ್ತರ:
ಕಾಲುವೆ ನೀರು, ಆಳದ ಎರೆ ಮಣ್ಣು ಇರಬೇಕು, ಅಲ್ವಾ? ಅಲ್ಲಿ ಸೊಕ್ಕು ಮುರಿಯದಿದ್ದರೆ ಹಾಗೇ ಆಗುವುದು. ಮೆಪಿಕ್ವಾಟ್ ಕ್ಲೋರೈಡ್ ಅನ್ನುವ ಬೆಳವಣಿಗೆ ತಡೆಯುವ ಔಷಧ ಇದೆ. ಬಿತ್ತಿ 45 ದಿನ ಆದಾಗ ಒಮ್ಮೆ, 65ನೇ ದಿನದ ಹೊತ್ತಿಗೆ ಇನ್ನೊಮ್ಮೆ, ಡಬ್ಬಿ ಮೇಲಿನ ಪ್ರಮಾಣ ನೋಡಿ ಹೊಡೆಯಬೇಕು. ನೀರಿಲ್ಲದೆ ಬಾಡಿದ ಬೆಳೆಗೆ ಮಾತ್ರ ಹೊಡೆಯಬೇಡಿ. ಯೂರಿಯಾ ಕೈ ಬಿಗಿ ಮಾಡಿ. ಒತ್ತು ಬಿತ್ತನೆಗೆ ನಿಜವಾಗಿ ಒಗ್ಗುವುದು ಸಾಧಾರಣ ಆಳದ, ಮಳೆ ನಂಬಿದ ಹೊಲ.

ಇನ್ನೊಬ್ಬ ಸದಸ್ಯರು:
ಡ್ರೋನ್ ತರಿಸಿದರೆ ಇಳುವರಿ ಏರುತ್ತಾ?

ಉತ್ತರ:
ಕೂಲಿ ಉಳಿಯುತ್ತದೆ, ನೀರು ಉಳಿಯುತ್ತದೆ. ಎಕರೆಗೆ ಹತ್ತು ಲೀಟರ್‌ನಲ್ಲಿ ಮುಗಿಯುತ್ತದೆ. ಇಳುವರಿ ಏರಿಸುವುದು ಸರಿಯಾದ ದಿನ ಹೊಡೆಯುವುದು, ಹೊಡೆಯುವ ಯಂತ್ರ ಅಲ್ಲ. ಆ ದಿನ ತಿಳಿಯಲು ಎಕರೆಗೆ ಎರಡು ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗ ಸೆಳೆಯುವ ಬಲೆ) ಸಾಕು. ಸತತ ಮೂರು ರಾತ್ರಿ ಬಲೆಗೆ ಎಂಟೆಂಟು ಪತಂಗ ಬಿದ್ದರೆ ಔಷಧಿಗೆ ಹೊರಡಿ. ಜೊತೆಗೆ ಹೂ ನೋಡಿ. ಎಸಳು ಅರಳದೆ ಗುಲಾಬಿ ಮೊಗ್ಗಿನ ಹಾಗೆ ಸುತ್ತಿಕೊಂಡಿದ್ದರೆ ಹುಳ ಒಳಗೆ ಸೇರಿದೆ. ನೂರಕ್ಕೆ ಹತ್ತು ಹೂ ಹೀಗಿದ್ದರೆ ಕಾಯಬೇಡಿ.

ಸವಣೂರು:
ಸರ್, ಒಂದೇ ಎಕರೆ ಒತ್ತು ಬಿತ್ತನೆ ಮಾಡಿ ನೋಡುತ್ತೇನೆ. ಹೋದ ವರ್ಷದ ಹತ್ತಿ ಕಟ್ಟಿಗೆ ಬದುವಿನಲ್ಲಿ ಒಟ್ಟಿದ್ದೇನೆ, ಒಲೆಗೆ ಬೇಕಲ್ಲ. ಪರವಾಗಿಲ್ಲವಾ?

ಉತ್ತರ:
ಅದೇ ಮೊದಲ ಕೆಲಸ ಯಜಮಾನ್ರೇ! ಆ ಕಟ್ಟಿಗೆಗೆ ಅಂಟಿದ ಒಣ ಕಾಯಿಯಲ್ಲೇ ಹುಳ ಮಲಗಿದೆ. ಮಳೆ ಬಿದ್ದ ಮೇಲೆ ಎದ್ದು ನೇರ ನಿಮ್ಮ ಹೊಸ ಎಕರೆಗೇ ಬರುತ್ತದೆ. ಒಲೆಗೆ ಬೇಕಾದಷ್ಟನ್ನು ಕಾಯಿ ಕಿತ್ತು ಇಟ್ಟುಕೊಳ್ಳಿ, ಉಳಿದದ್ದನ್ನು ಪುಡಿ ಮಾಡಿಸಿ ಹೊಲಕ್ಕೇ ಸೇರಿಸಿ. ಪಕ್ಕದ ಹೊಲದವರಿಗೂ ಹೇಳಿ, ಅವರ ಬಣವೆಯ ಪತಂಗ ನಿಮ್ಮ ಬದು ನೋಡಿ ನಿಲ್ಲುವುದಿಲ್ಲ. ಬಿತ್ತಿ 45 ದಿನ ಆದ ಮೇಲೆ ಗಿಡದ ಫೋಟೋ ಇಲ್ಲೇ ಹಾಕಿ.